ಐವತ್ತು ಲೀಟರಿನ ಡ್ರೈ ಕ್ಯಾಬಿನೆಟ್: ಐದನೇ ಮಳೆಗಾಲದಲ್ಲಿ ನಿಂತು ಬರೆದದ್ದು

ಈಗ ಬೆಳಗ್ಗೆ ಆರೂವರೆ. ಹೊರಗೆ ಆಟಿಯ (ಜುಲೈ-ಆಗಸ್ಟ್ ಹೊತ್ತಿನ ತುಳು ತಿಂಗಳು) ಮಳೆ ಬಿಡದೆ ಹೊಡೆಯುತ್ತಿದೆ. ಚಾವಡಿಯ ಗೋಡೆಗೆ ನೇತುಹಾಕಿದ ಪುಟ್ಟ ಮೀಟರ್ ಗಾಳಿಯ ತೇವ ಶೇಕಡಾ 93 ಎಂದು ತೋರಿಸುತ್ತಿದೆ. ಒಳಕೋಣೆಯಲ್ಲಿ ನನ್ನ ಮೇಜಿನ ಪಕ್ಕ ಒಂದು ಕಪ್ಪು ಪೆಟ್ಟಿಗೆ ಉಂಟು. ಅದರೊಳಗೆ ಇಟ್ಟ ಇನ್ನೊಂದು ಮೀಟರ್‌ನಲ್ಲಿ 45. ಎರಡರ ನಡುವೆ ಇರುವುದು ಒಂದು ಗಾಜಿನ ಬಾಗಿಲು, ಅದರ ಸುತ್ತ ಒಂದು ರಬ್ಬರ್ ಪಟ್ಟಿ. ಅಷ್ಟೇ.

ಆ ಪೆಟ್ಟಿಗೆಯ ಬಗ್ಗೆಯೇ ಈ ಬರಹ. ಡ್ರೈ ಕ್ಯಾಬಿನೆಟ್ ಅಂತ ಕರೆಯುತ್ತಾರೆ. ಕ್ಯಾಮೆರಾ, ಲೆನ್ಸ್ ಇಡಲಿಕ್ಕೆಂದೇ ಮಾಡಿದ್ದು. ಕರೆಂಟಿಗೆ ಹಾಕಿಟ್ಟರೆ ಒಳಗಿನ ತೇವ ತೆಗೆಯುತ್ತಾ ಇರುತ್ತದೆ. ನನ್ನದು 50 ಲೀಟರಿನದು. 2021ರ ಜುಲೈಯಲ್ಲಿ 11,800 ರೂಪಾಯಿ ಕೊಟ್ಟು ತರಿಸಿದೆ. ಕಂಪನಿಯ ಹೆಸರು ಬರೆಯುತ್ತಿಲ್ಲ. ಒಂದೆರಡು ದೂರು ಹೇಳಲಿಕ್ಕಿದೆ, ನಾನು ಬಳಸಿದ್ದು ಒಂದೇ ಒಂದು ಪೆಟ್ಟಿಗೆ. ಅಷ್ಟನ್ನೇ ಇಟ್ಟುಕೊಂಡು ಒಂದು ಕಂಪನಿಗೆ ಅಂಕ ಕೊಡುವುದು ಸರಿಯಲ್ಲ ಅನಿಸುತ್ತದೆ. ಇಂಥ ಪೆಟ್ಟಿಗೆ ಬೇಕಾ, ಬೇಕಾದರೆ ಎಂಥದ್ದು ನೋಡಬೇಕು, ಅದರಿಂದ ನನ್ನ ಕೆಲಸದಲ್ಲಿ ಎಂತ ಬದಲಾಯಿತು, ಇಷ್ಟು ಹೇಳುತ್ತೇನೆ.

ನಾನು ಕಲ್ಯಾಣಪುರದವನು. ಹಂಚಿನ ಮನೆ, ಸುವರ್ಣಾ ನದಿ ಹತ್ತಿರ. ಉಡುಪಿಯ ಒಂದು ಸ್ಟುಡಿಯೋದಲ್ಲಿ ಎಂಟು ವರ್ಷ ಕೆಲಸ ಮಾಡಿ, 2017ರಲ್ಲಿ ಸ್ವಂತ ಶುರು ಮಾಡಿದೆ. ಅಂಗಡಿ ಇಲ್ಲ, ಬೋರ್ಡ್ ಇಲ್ಲ. ಮದುವೆ, ಕ್ರೈಸ್ತ ಮದುವೆಯ ಹಿಂದಿನ ದಿನದ ರೋಸ್, ದೈವದ ನೇಮ, ಕಂಬಳ, ಹೋಟೆಲಿನ ಮೆನು, ಹೀಗೆ ಫೋನ್ ಬಂದ ಕಡೆ ಹೋಗುವುದು. ಎರಡು ನಿಕಾನ್ ಡಿ750 ಕ್ಯಾಮೆರಾ ಬಾಡಿ, ನಾಲ್ಕು ಲೆನ್ಸ್, ಮೂರು ಫ್ಲ್ಯಾಶ್. ಕೆಲವು ಸೆಕೆಂಡ್ ಹ್ಯಾಂಡ್ ತೆಗೆದದ್ದು. ಕಂಪ್ಯೂಟರ್ ಸೇರಿಸಿದರೆ ಒಟ್ಟು 3,20,000 ರೂಪಾಯಿಯ ಸಾಮಾನು. ನನ್ನ ಅಂಗಡಿ ಅಂದರೆ ಅದೇ. ಅದು ಒಂದು ಬ್ಯಾಗಿನಲ್ಲಿ ಹಿಡಿಯುತ್ತದೆ.

2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆಯಿತು. ಏಪ್ರಿಲ್, ಮೇ ತಿಂಗಳಿಗೆ ಗೊತ್ತಾಗಿದ್ದ ಮದುವೆಗಳೆಲ್ಲ ಒಂದೊಂದಾಗಿ ಮುಂದಕ್ಕೆ ಹೋದವು. ನಾನು ಬ್ಯಾಗಿನ ಜಿಪ್ ಎಳೆದು ಕಪಾಟಿನ ಮೇಲೆ ಇಟ್ಟೆ. ಕೆಲಸ ಇಲ್ಲದಾಗ ಅದನ್ನು ನೋಡಲಿಕ್ಕೇ ಮನಸ್ಸಾಗುತ್ತಿರಲಿಲ್ಲ. ಜೂನ್ ಬಂತು, ಮಳೆ ಬಂತು. ಸೆಪ್ಟೆಂಬರ್‌ನಲ್ಲಿ ಉಡುಪಿಗೆ ನೆರೆ ಬಂತಲ್ಲ, ಆವಾಗ ನೀರು ನಮ್ಮ ಅಂಗಳದ ತುಳಸಿಕಟ್ಟೆಯವರೆಗೆ ಬಂದಿತ್ತು. ಬ್ಯಾಗ್ ಎತ್ತರದಲ್ಲಿ ಇದೆ, ಒದ್ದೆ ಆಗಲಿಲ್ಲ ಎಂದು ಸಮಾಧಾನಪಟ್ಟೆ. ತೆರೆದು ನೋಡಲಿಲ್ಲ.

ನವೆಂಬರ್ ಕೊನೆಗೆ ಒಂದು ಸಣ್ಣ ಮದುವೆ ಸಿಕ್ಕಿತು. ಹೆಚ್ಚು ಜನ ಸೇರುವ ಹಾಗಿರಲಿಲ್ಲ, ಮನೆಯಲ್ಲೇ ಕಾರ್ಯ. ಮದುಮಗಳ ಹಿಂದೆ ಕಾಲುದೀಪಗಳ ಸಾಲು. ನನ್ನ 85 ಎಂಎಂ ಎಫ್1.8 ಲೆನ್ಸಿನಲ್ಲಿ ಅಂಥ ಫೋಟೋ ತೆಗೆಯುವುದೆಂದರೆ ನನಗೆ ತುಂಬಾ ಇಷ್ಟ. ಅವತ್ತು ತೆಗೆದು ಹಿಂದಿನ ಪರದೆ ನೋಡಿದರೆ ಮುಖದ ಮೇಲೆ ತೆಳುವಾಗಿ ಹಾಲು ಚೆಲ್ಲಿದ ಹಾಗೆ. ಧೂಪದ ಹೊಗೆ ಇರಬೇಕು ಅಂದುಕೊಂಡೆ. ಒರೆಸಿದೆ. ಮತ್ತೆ ಹಾಗೆಯೇ ಬಂತು. ದೀಪ ಎದುರಿಗೆ ಇಲ್ಲದ ಫೋಟೋಗಳು ಚೆನ್ನಾಗಿ ಬರುತ್ತಿದ್ದವು, ದೀಪ ಬಂದರೆ ಮಸುಕು.

ರಾತ್ರಿ ಮನೆಗೆ ಬಂದು ಲೈಟ್ ಆರಿಸಿದೆ. ಲೆನ್ಸಿನ ಎರಡೂ ಮುಚ್ಚಳ ತೆಗೆದು, ಹಿಂದಿನಿಂದ ಮೊಬೈಲ್ ಟಾರ್ಚ್ ಹಿಡಿದು ಮುಂದಿನಿಂದ ನೋಡಿದೆ. ಮೊದಲು ಧೂಳಿನ ಕಣಗಳು ಕಂಡವು. ಅದು ಎಲ್ಲರ ಲೆನ್ಸಿನಲ್ಲೂ ಇರುತ್ತದೆ. ಟಾರ್ಚ್ ಸ್ವಲ್ಪ ಓರೆ ಮಾಡಿದೆ. ಅಂಚಿನಿಂದ ಹೊರಟ ಸಣ್ಣ ಸಣ್ಣ ಎಳೆಗಳು ಕಂಡವು, ಬಿಳಿ ಬೇರಿನ ಹಾಗೆ. ಒಂದರಿಂದ ಎರಡು, ಎರಡರಿಂದ ನಾಲ್ಕು ಕವಲಾಗಿ ಗಾಜಿನ ನಡುವಿಗೆ ಬರುತ್ತಿದ್ದವು. ನೆಲಕ್ಕೆ ಬಿದ್ದ ಹಲಸಿನ ಎಲೆ ಕೊಳೆತು ನರ ಮಾತ್ರ ಉಳಿದಿರುತ್ತದಲ್ಲ, ಹಾಗೆ. ಫಂಗಸ್. 24-70 ಲೆನ್ಸಿನಲ್ಲೂ ಇತ್ತು, ಅದರಲ್ಲಿ ಇನ್ನೂ ಜಾಸ್ತಿ.

ಗೋಡೆ ಮೇಲೆ, ಚಪ್ಪಲಿ ಮೇಲೆ, ಚರ್ಮದ ಬೆಲ್ಟ್ ಮೇಲೆ ಮಳೆಗಾಲದಲ್ಲಿ ಬರುವ ಬೂಷ್ಟಿನ ಜಾತಿಯೇ ಇದು. ಗಾಳಿಯಲ್ಲಿ ಅದರ ಬೀಜ ಯಾವಾಗಲೂ ಇರುತ್ತದೆ. ತೇವ 65, 70 ದಾಟಿ ದಿನಗಟ್ಟಲೆ ನಿಂತರೆ, ಕತ್ತಲೆ ಇದ್ದು ಗಾಳಿ ಓಡಾಡದಿದ್ದರೆ ಬೆಳೆಯುತ್ತದೆ. ಜಿಪ್ ಎಳೆದ ಬ್ಯಾಗ್ ಅಂದರೆ ಅದಕ್ಕೆ ಹೇಳಿ ಮಾಡಿಸಿದ ಮನೆ. ನಮ್ಮ ಕರಾವಳಿಯಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ, ಅದರಲ್ಲಿ ಹೆಚ್ಚಿನದ್ದು ಜೂನ್‌ನಿಂದ ಸೆಪ್ಟೆಂಬರ್‌ ಒಳಗೆ. ಕೆಟ್ಟದ್ದು ಎಂತ ಅಂದರೆ, ಅದು ಬರೀ ಗಾಜಿನ ಮೇಲೆ ಕೂತಿರುವುದಿಲ್ಲ. ಅದರಿಂದ ಹುಳಿ ಒಸರುತ್ತದೆ, ಆ ಹುಳಿ ಗಾಜಿನ ಲೇಪನವನ್ನು ತಿನ್ನುತ್ತದೆ. ಫಂಗಸ್ ತೆಗೆಯಬಹುದು, ತಿಂದ ಗುರುತು ಹೋಗುವುದಿಲ್ಲ.

ಮಂಗಳೂರಿನಲ್ಲಿ ರಿಪೇರಿ ಮಾಡುವವರೊಬ್ಬರ ಹತ್ತಿರ ಕೊಟ್ಟೆ. 85ಕ್ಕೆ 2,800 ಆಯಿತು. 24-70 ಪೂರ್ತಿ ಬಿಚ್ಚಬೇಕಾಯಿತು, 9,500. ಒಟ್ಟು 12,300. ಚೆನ್ನಾಗಿಯೇ ಮಾಡಿಕೊಟ್ಟರು. ಆದರೂ 24-70ರ ಒಳಗಿನ ಒಂದು ಗಾಜಿನ ಅಂಚಿನಲ್ಲಿ ಕಲೆ ಉಳಿದಿದೆ, ಈಗಲೂ ಇದೆ. ಇನ್ಶೂರೆನ್ಸ್ ಇತ್ತಲ್ವಾ ಎಂದು ಕೆಲವರು ಕೇಳಿದರು. ಇತ್ತು. ನನ್ನ ಪಾಲಿಸಿಯಲ್ಲಿ ಕಳವು ಉಂಟು, ಕೆಳಗೆ ಬಿದ್ದು ಒಡೆಯುವುದು ಉಂಟು. ನಿಧಾನವಾಗಿ ಹಾಳಾಗುವುದು ಅದರಲ್ಲಿ ಸೇರಿಲ್ಲ. ಸಾಮಾನ್ಯವಾಗಿ ಸೇರಿರುವುದೂ ಇಲ್ಲ. ನಿಮ್ಮದನ್ನು ಒಮ್ಮೆ ತೆಗೆದು ಓದಿ ನೋಡಿ.

ಆ ದಿನ ಅಮ್ಮ ಹೇಳಿದ ಮಾತು ಇನ್ನೂ ನೆನಪಿದೆ. ಅಡುಗೆಮನೆಯ ಮೇಲಿನ ಅಟ್ಟದಲ್ಲಿ ಹಲಸಿನ ಹಪ್ಪಳದ ಡಬ್ಬ ಇದೆ, ಒಲೆಯ ಬಿಸಿ ತಾಗುವ ಜಾಗದಲ್ಲಿ. ಮುಚ್ಚಳದ ಸುತ್ತ ಬಟ್ಟೆ ಸುತ್ತಿ, ಮೇಲೆ ಕಲ್ಲು ಹೇರಿ ಇಟ್ಟಿರುತ್ತಾರೆ. "ಬೇಸಗೆಯಲ್ಲಿ ಮಾಡಿದ ಹಪ್ಪಳ ಆಟಿಯಲ್ಲಿ ಗರಿಗರಿ ಇರಬೇಕಾದರೆ ಎಷ್ಟು ನೋಡಿಕೊಳ್ಳಬೇಕು ಮಗಾ. ನಿನ್ನದು ಲಕ್ಷದ ಸಾಮಾನು, ಅದಕ್ಕೆ ಒಂದು ಜಾಗ ಮಾಡು" ಅಂದರು.

ಜಾಗ ಮಾಡುವುದಕ್ಕೆ ಮೂರು ದಾರಿ ಉಂಟು. ಮೊದಲನೆಯದು ಹಳೆಯ ಸ್ಟುಡಿಯೋದವರ ದಾರಿ. ನಾನು ಕೆಲಸ ಕಲಿತ ಸ್ಟುಡಿಯೋದಲ್ಲಿ ಒಂದು ಮರದ ಕಪಾಟು ಇತ್ತು. ಕೆಳಗಿನ ಅರೆಯಲ್ಲಿ 15 ವಾಟಿನ ಬಲ್ಬ್ ಮಳೆಗಾಲ ಪೂರ್ತಿ ಹಗಲು ರಾತ್ರಿ ಉರಿಯುತ್ತಿತ್ತು. ಬಾಗಿಲು ತೆರೆದರೆ ಬೆಚ್ಚಗೆ ಮುಖಕ್ಕೆ ಬಡಿಯುತ್ತಿತ್ತು. ಗಾಳಿ ಬಿಸಿಯಾದರೆ ಅದರ ತೇವದ ಮಟ್ಟ ಇಳಿಯುತ್ತದೆ, ಅದೇ ಸೂತ್ರ. ಅವರ ಲೆನ್ಸುಗಳು ಇಪ್ಪತ್ತು ವರ್ಷ ಹಾಳಾಗದೆ ಇದ್ದವು. ಆದರೆ ಹಿಡಿತ ಇಲ್ಲ. ಬಲ್ಬಿನ ಹತ್ತಿರ ಇಟ್ಟದ್ದು ಜಾಸ್ತಿ ಬಿಸಿಯಾಗುತ್ತದೆ, ಮೇಲಿನ ಅರೆಯಲ್ಲಿ ಸಾಲುವುದಿಲ್ಲ. ಬಲ್ಬ್ ಹೋದದ್ದು ಗೊತ್ತಾಗದಿದ್ದರೆ ಕಥೆ ಮುಗಿಯಿತು. ಎಲ್‌ಇಡಿ ಬಲ್ಬಿನಲ್ಲಿ ಅಷ್ಟು ಬಿಸಿಯೂ ಬರುವುದಿಲ್ಲ.

ಎರಡನೆಯದು ಗಾಳಿ ಹೋಗದ ಪ್ಲಾಸ್ಟಿಕ್ ಡಬ್ಬ ಮತ್ತು ತೇವ ಹೀರುವ ಹರಳು, ಅಂದರೆ ಸಿಲಿಕಾ ಜೆಲ್. ನಾನು ಡಿಸೆಂಬರ್‌ನಿಂದ ಜುಲೈವರೆಗೆ ಇದನ್ನೇ ಮಾಡಿದೆ. ಕ್ಲಿಪ್ ಇರುವ 20 ಲೀಟರ್ ಡಬ್ಬ, ಅರ್ಧ ಕೆಜಿ ಜೆಲ್, 300 ರೂಪಾಯಿಯ ಒಂದು ಮೀಟರ್. ಎಲ್ಲ ಸೇರಿ 1,200ರ ಒಳಗೆ ಮುಗಿಯಿತು. ಕೆಲಸ ಮಾಡುತ್ತದೆ, ಅನುಮಾನವೇ ಇಲ್ಲ. ಈಗ ತಾನೇ ಶುರು ಮಾಡಿದವರು, ಒಂದು ಬಾಡಿ ಎರಡು ಲೆನ್ಸ್ ಇರುವವರು, ದಯವಿಟ್ಟು ಇಷ್ಟನ್ನಾದರೂ ಇವತ್ತೇ ಮಾಡಿ. ಜೆಲ್ ಬಣ್ಣ ಬದಲಾದಾಗ ಬಿಸಿ ಮಾಡಿ ತೇವ ಹೊರಡಿಸಬೇಕು. ಅದಕ್ಕೆ ಬೇರೆಯೇ ಪಾತ್ರೆ ಇಡಿ, ಅಡುಗೆಯ ಬಾಣಲೆ ಬೇಡ. ನೀಲಿ ಬಣ್ಣದ ಜೆಲ್‌ನಲ್ಲಿ ಕೋಬಾಲ್ಟ್ ಇರುತ್ತದೆ, ಕಿತ್ತಳೆ ಬಣ್ಣದ್ದು ಸಿಕ್ಕಿದರೆ ಅದನ್ನೇ ತೆಗೆದುಕೊಳ್ಳಿ. ಅಕ್ಕಿಯಲ್ಲಿ ಹೂತಿಡುವುದು ಮಾತ್ರ ಬೇಡ. ಅಕ್ಕಿಯ ಹುಡಿ ಲೆನ್ಸಿನ ಸಂದಿಗೆ ಹೋಗುತ್ತದೆ.

ಜೆಲ್ ಡಬ್ಬದ ತೊಂದರೆ ನನಗೆ ಜೂನ್‌ನಲ್ಲಿ ಗೊತ್ತಾಯಿತು. ಪ್ರತಿ ಸಲ ಮುಚ್ಚಳ ತೆರೆದಾಗ ಮಳೆಗಾಲದ ಗಾಳಿ ಒಳಗೆ ನುಗ್ಗುತ್ತದೆ. ದಿನಕ್ಕೆ ಎರಡು ಸಲ ತೆರೆದರೆ ವಾರದೊಳಗೆ ಜೆಲ್ ಸೋಲುತ್ತದೆ. ಹಾಗಾಗಿ ತೆರೆಯಲಿಕ್ಕೇ ಹಿಂಜರಿಕೆ. ತೆರೆಯದಿದ್ದರೆ ಕ್ಯಾಮೆರಾ ಕೈಗೆ ಬರುವುದಿಲ್ಲ. ಮಳೆಗಾಲದಲ್ಲಿ ಕೆಲಸ ಹುಡುಕಬೇಕು ಅಂತ ಹೊರಟಿದ್ದ ನನಗೆ ಇದು ಸರಿಹೊಂದಲಿಲ್ಲ. ಮೂರನೆಯ ದಾರಿ ಅಂತ ಆಗ ತರಿಸಿದ್ದು ಈ ಕ್ಯಾಬಿನೆಟ್.

ಒಳಗೆ ನಡೆಯುವುದು ಇಷ್ಟು. ಹಿಂಬದಿಯಲ್ಲಿ ಪೆಲ್ಟಿಯರ್ ಎನ್ನುವ ಒಂದು ಚಪ್ಪಟೆ ತುಂಡು ಇರುತ್ತದೆ. ಕರೆಂಟ್ ಕೊಟ್ಟರೆ ಒಂದು ಬದಿ ತಣ್ಣಗೆ, ಇನ್ನೊಂದು ಬದಿ ಬಿಸಿ. ಐಸ್ ನೀರಿನ ಲೋಟದ ಹೊರಗೆ ಹನಿ ಕೂರುತ್ತದಲ್ಲ, ಹಾಗೆ ಒಳಗಿನ ಗಾಳಿಯ ತೇವ ತಣ್ಣನೆ ಬದಿಯಲ್ಲಿ ಕೂರುತ್ತದೆ. ಅಲ್ಲಿಂದ ಒಂದು ಬತ್ತಿಯ ಮೂಲಕ ಹೊರಗೆ ಹೋಗಿ ಆರಿಹೋಗುತ್ತದೆ. ಫ್ರಿಜ್ಜಿನ ಹಾಗೆ ಸದ್ದು ಇಲ್ಲ. ಇನ್ನೊಂದು ಜಾತಿ ಉಂಟು, ತೇವ ಹೀರುವ ಹರಳು ಇರುವುದು. ಅದು ತಾನೇ ಹೀರಿ, ತಾನೇ ಬಿಸಿಯಾಗಿ, ಹೀರಿದ್ದನ್ನು ಹೊರಗೆ ಬಿಡುತ್ತದೆ. ಚಳಿ ಪ್ರದೇಶಕ್ಕೆ ಹರಳಿನದು ಒಳ್ಳೆಯದು. ನಮ್ಮ ಸೆಕೆಯ ಊರಿಗೆ ಪೆಲ್ಟಿಯರ್ ಸಾಕು, ಬೆಲೆಯೂ ಕಡಿಮೆ. ಸರಾಸರಿ 8 ವಾಟ್ ಎಂದು ಲೆಕ್ಕ ಹಾಕಿದರೂ ತಿಂಗಳಿಗೆ ಆರು ಯೂನಿಟ್ ಒಳಗೆ.

ಈಗ ದೂರು. ಪೆಟ್ಟಿಗೆಯ ಮುಂದೆ ಇರುವ ಮೀಟರನ್ನು ಕಣ್ಣುಮುಚ್ಚಿ ನಂಬಬೇಡಿ. ಪೆಟ್ಟಿಗೆ ಬಂದ ದಿನವೇ ನಾನು ಪರೀಕ್ಷೆ ಮಾಡಿದೆ. ಇದನ್ನು ಯಾರು ಬೇಕಾದರೂ ಮಾಡಬಹುದು, ಖರ್ಚು ಒಂದು ಚಮಚ ಉಪ್ಪು. ಬಾಟಲಿಯ ಮುಚ್ಚಳದಲ್ಲಿ ಪುಡಿ ಉಪ್ಪು ಹಾಕಿ, ಕೆಲವೇ ಹನಿ ನೀರು ಬಿಡಿ. ಕರಗಿ ಹೋಗಬಾರದು, ಒದ್ದೆ ಮರಳಿನ ಹಾಗೆ ಇರಬೇಕು. ಅದನ್ನೂ ಬೇರೆ ಸಣ್ಣ ಮೀಟರನ್ನೂ ಒಂದು ಜಿಪ್ ಕವರಿನೊಳಗೆ ಇಟ್ಟು ಮುಚ್ಚಿ. ಉಪ್ಪು ಮೀಟರಿಗೆ ತಾಗಬಾರದು. ಎಂಟು ಹತ್ತು ಗಂಟೆ ಬಿಡಿ. ಒಳಗಿನ ಗಾಳಿ 75ಕ್ಕೆ ಬಂದು ನಿಲ್ಲುತ್ತದೆ. ಅದು ಉಪ್ಪಿನ ಗುಣ, ಬದಲಾಗುವುದಿಲ್ಲ. ನನ್ನ 300 ರೂಪಾಯಿಯ ಮೀಟರ್ 74 ತೋರಿಸಿತು. ಒಂದು ಅಂಕ ಕಡಿಮೆ, ಪರವಾಗಿಲ್ಲ. ಅದನ್ನು ಕ್ಯಾಬಿನೆಟ್‌ನೊಳಗೆ ಇಟ್ಟೆ. ಕ್ಯಾಬಿನೆಟ್ 45 ಅನ್ನುತ್ತಿತ್ತು, ನನ್ನ ಮೀಟರ್ 51. ಆರು ಅಂಕ ವ್ಯತ್ಯಾಸ. 45ಕ್ಕೆ ಇಟ್ಟು 51 ಸಿಕ್ಕಿದರೆ ಲೆನ್ಸ್ ಹಾಳಾಗುವುದಿಲ್ಲ. ಆದರೆ 55ಕ್ಕೆ ಇಟ್ಟು ಧೈರ್ಯದಲ್ಲಿ ಇದ್ದವರಿಗೆ ಅಪಾಯ ಉಂಟು. ನಾನು 40ಕ್ಕೆ ಇಟ್ಟೆ, ನಿಜವಾಗಿ 45ರ ಆಚೀಚೆ ನಿಲ್ಲುತ್ತದೆ. 40ರಿಂದ 50ರ ನಡುವೆ ಇದ್ದರೆ ಒಳ್ಳೆಯದು. ಒಣಗಲಿ ಅಂತ 30ಕ್ಕಿಂತ ಕೆಳಗೆ ಇಳಿಸಬೇಡಿ, ರಬ್ಬರ್ ಒಣಗುತ್ತದೆ, ಲೆನ್ಸಿನ ಒಳಗಿನ ಗ್ರೀಸ್ ಕೂಡ.

ಎರಡನೆಯ ದೂರು ಅರೆಗಳದ್ದು. 50 ಲೀಟರ್ ಎಂದು ಓದುವಾಗ ದೊಡ್ಡದು ಅನಿಸುತ್ತದೆ. ಎರಡು ಬಾಡಿ, ನಾಲ್ಕು ಲೆನ್ಸ್, ಮೂರು ಫ್ಲ್ಯಾಶ್ ಇಟ್ಟಾಗ ಒಂದು ಮೊಬೈಲಿಗೂ ಜಾಗ ಉಳಿಯಲಿಲ್ಲ. ಉದ್ದದ ಲೆನ್ಸ್ ನಿಲ್ಲಿಸಿ ಇಡಲಿಕ್ಕಾಗುವುದಿಲ್ಲ, ಮಲಗಿಸಬೇಕು. ಈಗ ಕೇಳಿದರೆ 80 ಲೀಟರಿನದು ತೆಗೆದುಕೊಳ್ಳಿ ಅನ್ನುತ್ತೇನೆ. ಒಳಗಿನ ಲೈಟ್ ಎರಡನೇ ವರ್ಷ ಹೋಯಿತು, ನಾನು ಸರಿ ಮಾಡಿಸಲಿಲ್ಲ.

ಕರೆಂಟ್ ಹೋದರೆ ಎಂತ ಮಾಡುವುದು ಎಂಬುದು ನಮ್ಮಲ್ಲಿ ಎಲ್ಲರೂ ಕೇಳುವ ಪ್ರಶ್ನೆ. ಮಳೆಗಾಲ, ಮರ ಬೀಳುತ್ತದೆ, ತಂತಿ ಕಡಿಯುತ್ತದೆ. 2022ರ ಜುಲೈಯಲ್ಲಿ ಒಂದು ರಾತ್ರಿ ಒಂಬತ್ತು ಗಂಟೆ ಕರೆಂಟ್ ಇರಲಿಲ್ಲ. ಮಲಗುವ ಮೊದಲು ಒಳಗಿನ ಮೀಟರ್ 45 ಇತ್ತು, ಬೆಳಗ್ಗೆ 52. ಬಾಗಿಲು ತೆರೆಯದಿದ್ದರೆ ಒಂದೆರಡು ದಿನ ಧೈರ್ಯವಾಗಿ ಬಿಡಬಹುದು. ಇದು ಪೂರ್ತಿ ಆ ರಬ್ಬರ್ ಪಟ್ಟಿಯ ಪುಣ್ಯ. ಅಂಗಡಿಗೆ ಹೋಗಿ ತೆಗೆದುಕೊಳ್ಳುವವರು ಒಂದು ಹತ್ತು ರೂಪಾಯಿ ನೋಟನ್ನು ಬಾಗಿಲ ಸಂದಿಯಲ್ಲಿಟ್ಟು ಮುಚ್ಚಿ, ಎಳೆದು ನೋಡಿ. ನಾಲ್ಕೂ ಬದಿಯಲ್ಲಿ ನೋಡಬೇಕು. ನೋಟು ಸುಲಭದಲ್ಲಿ ಜಾರಿ ಬಂದರೆ ಆ ಪೆಟ್ಟಿಗೆ ಬೇಡ. ಮುಂದಿನ ಪರದೆ ಎಷ್ಟು ಚಂದ ಇದ್ದರೂ ಬೇಡ.

ಇನ್ನು ನಾನು ನಿಜವಾಗಿ ಹೇಳಬೇಕು ಅಂದುಕೊಂಡ ವಿಷಯಕ್ಕೆ ಬರುತ್ತೇನೆ. ಈ ಪೆಟ್ಟಿಗೆ ತರುವಾಗ ನಾನು ಮೊದಲ ಬಾರಿ ಕುಳಿತು ಲೆಕ್ಕ ಬರೆದೆ. ನಾಲ್ಕು ವರ್ಷ ಸ್ವಂತ ಕೆಲಸ ಮಾಡಿದ್ದರೂ ಅದುವರೆಗೆ ಬರೆದಿರಲಿಲ್ಲ.

ಆಗ ನಾನು ಒಂದು ಮದುವೆಗೆ 38,000 ತೆಗೆದುಕೊಳ್ಳುತ್ತಿದ್ದೆ. ಎರಡನೇ ಕ್ಯಾಮೆರಾ ಹಿಡಿಯುವ ಹುಡುಗನಿಗೆ 5,000, ಆಲ್ಬಮ್‌ಗೆ 9,000, ಪೆಟ್ರೋಲ್ ಊಟ ಅಂತ 1,000. ಉಳಿಯಿತು 23,000. ಇಷ್ಟು ಲೆಕ್ಕ ಎಲ್ಲರೂ ಹಾಕುತ್ತಾರೆ. ಸೀಸನ್ನಿಗೆ 20 ಮದುವೆ, ಚೆನ್ನಾಗಿಯೇ ಇದೆ ಅನಿಸುತ್ತದೆ.

ಆದರೆ 3,20,000ದ ಸಾಮಾನು ಐದು ವರ್ಷಕ್ಕೆ ಸವೆಯುತ್ತದೆ ಎಂದಿಟ್ಟುಕೊಂಡರೆ ವರ್ಷಕ್ಕೆ 64,000. ಒಂದು ಮದುವೆಯ ಪಾಲಿಗೆ 3,200. ಮತ್ತೆ ಜೂನ್‌ನಿಂದ ಸೆಪ್ಟೆಂಬರ್. ಆಟಿಯಲ್ಲಿ ಮದುವೆ ಇಲ್ಲ, ಆಚೀಚೆಯ ತಿಂಗಳಲ್ಲೂ ತೀರಾ ಕಡಿಮೆ. ಕ್ರೈಸ್ತರಲ್ಲಿ ಈಸ್ಟರ್‌ಗೆ ಮೊದಲಿನ ತಪಸ್ಸು ಕಾಲದಲ್ಲೂ ಮದುವೆ ಇಲ್ಲ. ಮಳೆಗಾಲದ ಆ ನಾಲ್ಕು ತಿಂಗಳು ಮನೆಖರ್ಚು ತಿಂಗಳಿಗೆ 25,000ದ ಹಾಗೆ ಒಂದು ಲಕ್ಷ. ಅದನ್ನೂ ಇದೇ 20 ಮದುವೆ ಕೊಡಬೇಕು, ಒಂದಕ್ಕೆ 5,000. ಈಗ ಉಳಿದದ್ದು 14,800. ಒಂದು ಮದುವೆಗೆ ಎರಡು ದಿನ ಶೂಟಿಂಗ್, ನಾಲ್ಕು ದಿನ ಎಡಿಟಿಂಗ್, ಆಲ್ಬಮ್ ಆಯ್ಕೆ ಅದು ಇದು ಅಂತ ಒಂದು ದಿನ. ಏಳು ದಿನಕ್ಕೆ ಭಾಗಿಸಿದರೆ ದಿನಕ್ಕೆ 2,100 ಚಿಲ್ಲರೆ. ಆ ರಾತ್ರಿ ನಿದ್ದೆ ಬರಲಿಲ್ಲ. ಮೋಸ ಆದ ಹಾಗೆ ಅನಿಸಲಿಲ್ಲ. ಇಷ್ಟು ವರ್ಷ ಮಳೆಗಾಲದಲ್ಲಿ ಸಾಲ ಯಾಕೆ ಆಗುತ್ತಿತ್ತು ಎಂದು ಮೊದಲ ಸಲ ಕಣ್ಣಿಗೆ ಕಂಡಿತು.

ಆಮೇಲೆ ಇನ್ನೊಂದು ವಿಷಯ ಕಂಡಿತು. ಸಾಮಾನೆಲ್ಲ ಒಂದೇ ರೀತಿ ಸವೆಯುವುದಿಲ್ಲ. ಡಿ750ರ ಶಟರ್ 1,50,000 ಕ್ಲಿಕ್‌ವರೆಗೆ ಪರೀಕ್ಷೆ ಆಗಿರುವಂಥದ್ದು. ಒಂದು ಮದುವೆಗೆ ನಾನು 2,500 ಒತ್ತುತ್ತೇನೆ. ಎರಡು ಬಾಡಿಯಲ್ಲಿ ಹಂಚಿಕೊಂಡರೂ ಅದು ಸವೆಯಲೇಬೇಕು, ತಡೆಯಲಿಕ್ಕಾಗುವುದಿಲ್ಲ. ಲೆನ್ಸ್ ಹಾಗಲ್ಲ. ಬೀಳಿಸದೆ, ಒಣಗಿಸಿ ಇಟ್ಟರೆ ಹತ್ತು ವರ್ಷ ಆರಾಮಾಗಿ ದುಡಿಯುತ್ತದೆ. ನನ್ನ ಸಾಮಾನಿನ ಅರ್ಧ ಬೆಲೆ, 1,60,000, ಲೆನ್ಸಿನದು. ಅದು ಐದರ ಬದಲು ಹತ್ತು ವರ್ಷ ಬಂದರೆ ವರ್ಷಕ್ಕೆ 16,000 ಉಳಿಯುತ್ತದೆ. ಪೆಟ್ಟಿಗೆಯ ಬೆಲೆ 11,800. ಅವತ್ತು ಬೆಳಗ್ಗೆಯೇ ಆರ್ಡರ್ ಮಾಡಿದೆ. ಹೊಸ ಕ್ಯಾಮೆರಾ ಬಾಡಿ ತೆಗೆಯಲಿಕ್ಕೆ ಕಂತಿನ ಸಾಲ ಮಾಡುವ ಯೋಚನೆ ಇತ್ತು, ಅದನ್ನು ಬಿಟ್ಟೆ.

ಆ ಹಾಳೆ ಇಟ್ಟುಕೊಂಡೇ ಮುಂದಿನ ಸೀಸನ್ನಿನಿಂದ 45,000 ಹೇಳಲಿಕ್ಕೆ ಶುರು ಮಾಡಿದೆ. ಮೊದಲ ಫೋನಿನಲ್ಲೇ ಮದುಮಗಳ ಮಾವ ಒಬ್ಬರು "ಕಳೆದ ವರ್ಷ ನಮ್ಮ ಅಕ್ಕನ ಮಗನ ಮದುವೆಗೆ 38 ತೆಗೆದುಕೊಂಡಿದ್ದಿರಿ ಅಲ್ವಾ?" ಎಂದು ಕೇಳಿದರು. "ಹೌದು ಅಣ್ಣ. ಆಗ ನಾನು ಲೆಕ್ಕ ಹಾಕಿರಲಿಲ್ಲ" ಅಂದೆ. ಅವರು ಸ್ವಲ್ಪ ಹೊತ್ತು ಸುಮ್ನೆ ಇದ್ದು, ತಾರೀಕು ಹೇಳಿದರು. ಎಲ್ಲರೂ ಹಾಗೆ ಒಪ್ಪಲಿಲ್ಲ. ಆ ವರ್ಷ 20 ಇದ್ದದ್ದು 17 ಆಯಿತು. ಆದರೂ ಕೈಯಲ್ಲಿ ಉಳಿದದ್ದು ಜಾಸ್ತಿ, ಎಡಿಟಿಂಗಿಗೆ ನಿದ್ದೆಗೆಟ್ಟ ರಾತ್ರಿಗಳು ಕಡಿಮೆ. ಬುಕ್ಕಿಂಗ್ ಮುಂಗಡ ಮೂರನೇ ಒಂದು ಪಾಲು ತೆಗೆದುಕೊಳ್ಳುತ್ತೇನೆ. ಪ್ರತಿ ಮದುವೆಯಿಂದ 5,000 ಬೇರೆ ಖಾತೆಗೆ ಹೋಗುತ್ತದೆ, ಅದು ಮಳೆಗಾಲದ್ದು, ಮೇ ಮುಗಿಯುವವರೆಗೆ ಮುಟ್ಟುವುದಿಲ್ಲ.

ಕ್ಯಾಬಿನೆಟ್ ಬಂದ ಮೇಲೆ ನಾನು ಎಣಿಸದೇ ಇದ್ದ ಒಂದು ಲಾಭ ಆಯಿತು. ಮಳೆಗಾಲದಲ್ಲಿ ಕ್ಯಾಮೆರಾ ಹೊರಗೆ ತೆಗೆಯುವ ಹೆದರಿಕೆ ಹೋಯಿತು. ರಾತ್ರಿ ಒಳಗೆ ಇಟ್ಟರೆ ಬೆಳಗ್ಗೆ ಒಣಗಿರುತ್ತದೆ, ಗೊತ್ತು. ಹಾಗಾಗಿ ಹೋಟೆಲಿನವರ ಹತ್ತಿರ ಹೋಗಿ ಕೇಳಿದೆ. ಆಟಿಯಲ್ಲಿ ಪತ್ರೊಡೆ, ಕಣಿಲೆ (ಎಳೆ ಬಿದಿರು) ಪಲ್ಯ, ಹಲಸಿನ ಎಲೆಯ ಕೊಟ್ಟೆ ಕಡುಬು ಮಾಡುತ್ತಾರೆ, ಅಷ್ಟಮಿಗೆ ಮೂಡೆ. ಅದರ ಫೋಟೋ ಅವರಿಗೆ ಆ ವಾರವೇ ಬೇಕು. ಮೋಡದ ಬೆಳಕು ಊಟದ ಫೋಟೋಗೆ ತುಂಬಾ ಒಳ್ಳೆಯದು, ಕಿಟಕಿ ಹತ್ತಿರ ತಟ್ಟೆ ಇಟ್ಟರೆ ಫ್ಲ್ಯಾಶ್ ಬೇಡ. ಉಡುಪಿ ಸೀರೆ ಮಾರುವವರಿಗೆ ಫೋಟೋ ತೆಗೆದುಕೊಟ್ಟೆ. 2016ರಲ್ಲಿ ಅದಕ್ಕೆ ಜಿಐ ಟ್ಯಾಗ್ (ಇಂಥ ಊರಿನದ್ದೇ ಎನ್ನುವ ಸರಕಾರಿ ಗುರುತು) ಬಂದಿದೆ, ಆನ್‌ಲೈನ್‌ನಲ್ಲಿ ಮಾರಬೇಕಾದರೆ ನೇಯ್ಗೆ ಕಾಣುವಂಥ ಫೋಟೋ ಬೇಕೇ ಬೇಕು. 2024ರ ಮಳೆಗಾಲದಲ್ಲಿ 14 ದಿನ ಇಂಥ ಕೆಲಸ ಸಿಕ್ಕಿತು, ದಿನಕ್ಕೆ 6,000ದಂತೆ 84,000. ಮಳೆಗಾಲದ ಒಂದು ಲಕ್ಷದಲ್ಲಿ ಬಹುಪಾಲು ಅದೇ ಬಂತು. ಪೆಟ್ಟಿಗೆ ಕೆಲಸ ತಂದುಕೊಟ್ಟಿತು ಅಂತ ಹೇಳುವುದಿಲ್ಲ. ಆದರೆ ಬ್ಯಾಗ್ ಕಪಾಟಿನ ಮೇಲೆ ಇದ್ದಿದ್ದರೆ ನಾನು ಹೋಗಿ ಕೇಳುತ್ತಿರಲಿಲ್ಲ.

ಇದರಿಂದ ಆಗದ್ದನ್ನೂ ಹೇಳಬೇಕು. ಎಸಿ ಹಾಲ್‌ನಿಂದ ಹೊರಗೆ ಬಂದ ಕೂಡಲೇ ಲೆನ್ಸಿನ ಮೇಲೆ ಮಂಜು ಕೂರುತ್ತದೆ. ಅದಕ್ಕೆ ಕ್ಯಾಬಿನೆಟ್ ಏನೂ ಮಾಡಲಿಕ್ಕಾಗುವುದಿಲ್ಲ. ದಿಬ್ಬಣ ಹೊರಗೆ ಬರುವ 20 ನಿಮಿಷ ಮೊದಲೇ ಒಂದು ಕ್ಯಾಮೆರಾವನ್ನು ಬ್ಯಾಗಿನಲ್ಲಿ ಮುಚ್ಚಿ ಹೊರಗೆ ಇಡಿಸುತ್ತೇನೆ, ನಿಧಾನ ಬಿಸಿಯಾಗಲಿ ಅಂತ. ಮಲ್ಪೆಯಲ್ಲಿ ಶೂಟಿಂಗ್ ಆದರೆ ಉಪ್ಪುಗಾಳಿ ಅಂಟಿರುತ್ತದೆ. ಹಾಗೆಯೇ ಒಣಗಿಸಿದರೆ ಉಪ್ಪು ಅಲ್ಲೇ ಉಳಿಯುತ್ತದೆ. ಮೊದಲು ಸಿಹಿನೀರಿನಲ್ಲಿ ಹಿಂಡಿದ ಬಟ್ಟೆಯಿಂದ ಒರೆಸಿ, ಮತ್ತೆ ಒಣಬಟ್ಟೆಯಿಂದ ಒರೆಸಿ, ಆಮೇಲೆ ಒಳಗೆ.

ರೋಸ್ ಕಾರ್ಯಕ್ರಮಕ್ಕೆ ಹೋಗುವವರಿಗೆ ಇದು ಇನ್ನೂ ಮುಖ್ಯ. ಮದುವೆಯ ಹಿಂದಿನ ದಿನ ಮದುಮಗಳಿಗೆ ತೆಂಗಿನಹಾಲು, ಎಣ್ಣೆ ಹಚ್ಚುತ್ತಾರೆ. ಹಿರಿಯರು ಮುಗಿಸಿದ ಮೇಲೆ ಗೆಳತಿಯರ ಸರದಿ ಬಂದಾಗ ಹಾಲು ಎಲ್ಲಿಗೆ ಹಾರುತ್ತದೆ ಎಂದು ಹೇಳಲಿಕ್ಕಾಗುವುದಿಲ್ಲ. ಆ ನಗು ಹತ್ತಿರದಿಂದಲೇ ತೆಗೆಯಬೇಕು, ದೂರ ನಿಂತರೆ ಫೋಟೋ ಇಲ್ಲ. ಕಳೆದ ಜನವರಿಯಲ್ಲಿ ಹೀಗೆ ಕ್ಯಾಮೆರಾದ ಗುಂಡಿಗಳ ಸಂದಿಗೆಲ್ಲ ಹಾಲು ಹೋಗಿತ್ತು. ತೆಂಗಿನಹಾಲಿನ ಜಿಡ್ಡು ಫಂಗಸ್‌ಗೆ ಊಟ ಇದ್ದ ಹಾಗೆ. ರಾತ್ರಿ ಹನ್ನೊಂದಕ್ಕೆ ಮನೆಗೆ ಬಂದು, ಕಿವಿಗೆ ಹಾಕುವ ಹತ್ತಿಕಡ್ಡಿಗೆ ಸ್ವಲ್ಪ ಐಸೋಪ್ರೊಪೈಲ್ ಆಲ್ಕೋಹಾಲ್ ತಾಗಿಸಿ, ಒಂದೊಂದೇ ಗುಂಡಿಯ ಸುತ್ತ ತಿರುಗಿಸಿದೆ. ಹದಿನಾಲ್ಕು ಕಡ್ಡಿ ಬೇಕಾಯಿತು. ಕೊನೆಯ ಕಡ್ಡಿ ಬೆಳ್ಳಗೆ ಬಂದ ಮೇಲೆ ಒಳಗೆ ಇಟ್ಟೆ. ಕೊಳೆ ಸಮೇತ ಇಟ್ಟು ಪೆಟ್ಟಿಗೆಯೇ ನೋಡಿಕೊಳ್ಳುತ್ತದೆ ಅಂದುಕೊಂಡರೆ ಪ್ರಯೋಜನ ಇಲ್ಲ.

ಐದು ಮಳೆಗಾಲದಲ್ಲಿ ನನ್ನ ಲೆನ್ಸುಗಳಲ್ಲಿ ಹೊಸ ಎಳೆ ಒಂದೂ ಬಂದಿಲ್ಲ. ಪ್ರತಿ ತಿಂಗಳ ಮೊದಲ ಭಾನುವಾರ ಲೈಟ್ ಆರಿಸಿ ಟಾರ್ಚ್ ಹಿಡಿದು ನೋಡುತ್ತೇನೆ. 24-70ರ ಹಳೆಯ ಕಲೆ ಇದ್ದಲ್ಲೇ ಇದೆ, ಬೆಳೆದಿಲ್ಲ. 2024ರ ಜನವರಿ 18ರಂದು, ಉಡುಪಿ ಕೃಷ್ಣಮಠದ ಪೂಜೆಯ ಹೊಣೆ ಕೈಬದಲಾಗುವ ಪರ್ಯಾಯದ ದಿನ, ಬೆಳಗಿನ ಜಾವ ಜೋಡುಕಟ್ಟೆಯಿಂದ ರಥಬೀದಿಯವರೆಗೆ ಮೆರವಣಿಗೆಯ ದೀಪಗಳನ್ನು ಎದುರಿಗೇ ಇಟ್ಟುಕೊಂಡು ಆ 85ರಲ್ಲಿ ತೆಗೆದೆ. ದೀಪದ ಸುತ್ತ ಕತ್ತಲೆ ಕತ್ತಲೆಯಾಗಿಯೇ ಬಂತು, ಹಾಲು ಚೆಲ್ಲಿದ ಹಾಗೆ ಇರಲಿಲ್ಲ. ರಸ್ತೆ ಬದಿಯಲ್ಲಿ ನಿಂತು ಆ ಫೋಟೋವನ್ನು ಪರದೆಯಲ್ಲಿ ದೊಡ್ಡದು ಮಾಡಿ ಮಾಡಿ ನೋಡಿದೆ.

ಈಗ ಕೆಳಗಿನ ಅರೆಯಲ್ಲಿ ಒಂದು ಬಿಸ್ಕತ್ ಡಬ್ಬವೂ ಇದೆ. ನಾನು ಕೆಲಸ ಕಲಿತ ಸ್ಟುಡಿಯೋದ ಅಣ್ಣ ಅಂಗಡಿ ಮುಚ್ಚುವಾಗ ಕೊಟ್ಟ ನೆಗೆಟಿವ್‌ಗಳು. ರೀಲ್ ಕಾಲದ ಮದುವೆಗಳು, ಒಂದಕ್ಕೊಂದು ಅಂಟಿಕೊಳ್ಳಲಿಕ್ಕೆ ಶುರುವಾಗಿದ್ದವು. ಅದಕ್ಕೆ ಜಾಗ ಮಾಡಲಿಕ್ಕೆ ಎರಡು ಫ್ಲ್ಯಾಶ್ ಹೊರಗೆ ಹೋಗಿ ಜೆಲ್ ಡಬ್ಬದಲ್ಲಿ ಕೂತಿವೆ. 80 ಲೀಟರಿನದು ತೆಗೆದುಕೊಳ್ಳಿ ಎಂದು ನಾನು ಹೇಳುವುದು ಇದಕ್ಕೇ.

ಏಳೂವರೆ ಆಯಿತು. ಎಂಟೂವರೆಗೆ ಒಂದು ಹೋಟೆಲಿನಲ್ಲಿ ಪತ್ರೊಡೆ ಆವಿಯಿಂದ ಇಳಿಯುತ್ತದೆ, ಹೊಗೆ ಆಡುವಾಗಲೇ ತೆಗೆಯಬೇಕು. ಮಳೆ ಸ್ವಲ್ಪ ಕಡಿಮೆ ಆದ ಹಾಗಿದೆ. 85 ತೆಗೆದುಕೊಂಡು ಬಾಗಿಲು ಮುಚ್ಚಿದೆ. ಒಳಗಿನ ಮೀಟರ್ 49ಕ್ಕೆ ಏರಿದೆ, ನಾನು ವಾಪಸ್ ಬರುವಷ್ಟರಲ್ಲಿ 45ಕ್ಕೆ ಇಳಿದಿರುತ್ತದೆ.